ಹೊಟ್ಟೆ ನಮ್ಮದು, ಜುಟ್ಟು ಅವರದು

ರಾಜ್ಯಕ್ಕೆ ಕಷ್ಟಕಾಲ ಬಂದಿದೆಯೋ ಇಲ್ಲವೋ ತಿಳಿಯಲು ಹಣಕಾಸು ಇಲಾಖೆಯ ವರದಿ ತಿರುವಬೇಕಿಲ್ಲ. ವಿಧಾನಸಭೆಯಲ್ಲಿ ಯಾರು ಯಾವ ಕಡೆ ಕೂತಿದ್ದಾರೆ ನೋಡಿದರೆ ಸಾಕು. ಸ್ಪೀಕರ್ ಎಡಗಡೆ ಕೂತವರಿಗೆ ಸದಾ ಬರಗಾಲ, ಬಲಗಡೆ ಕೂತವರಿಗೆ ಸದಾ ಸುಗ್ಗಿ. ಚುನಾವಣೆ ಮುಗಿದು ಕುರ್ಚಿಗಳು ಅದಲುಬದಲಾದ ರಾತ್ರಿಯೇ ಬರಗಾಲವೂ ಗಂಟುಮೂಟೆ ಕಟ್ಟಿಕೊಂಡು ಹೊಸ ವಿರೋಧ ಪಕ್ಷದ ಮನೆಗೆ ಬಂದು ಇಳಿಯುತ್ತದೆ. ಜನರ ಸಂಕಟ ಕಂಡು ಕಣ್ಣೀರು ಬರಬೇಕಾದರೆ ಮೊದಲು ಅಧಿಕಾರ ಹೋಗಬೇಕು.

2018ರ ಮೇ 23ರಂದು ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಜೊತೆಗೆ ಜಿ. ಪರಮೇಶ್ವರ. ಅಷ್ಟೇ, ಇಬ್ಬರು. ಸಾಕ್ಷಿಗೆ ಮಾತ್ರ ಅರ್ಧ ದೇಶದ ನಾಯಕರು ಬಂದು ಕೈ ಕೈ ಹಿಡಿದು ಮೇಲೆತ್ತಿದರು. ಟ್ರಾಫಿಕ್ಕಿನಲ್ಲಿ ಸಿಕ್ಕಿ ಸ್ವಲ್ಪ ದೂರ ನಡೆದೇ ಬಂದ ಮಮತಾ ಬ್ಯಾನರ್ಜಿಯವರು ವೇದಿಕೆಯ ಮೇಲೆಯೇ ಸಿಡಿಮಿಡಿಗೊಂಡರು; ಬೆಂಗಳೂರಿನ ಸಾಮಾನ್ಯ ಪ್ರಜೆಯ ಅನುಭವ ಪಡೆದ ಏಕೈಕ ಗಣ್ಯರು ಅಂದು ಅವರೇ. ಕೆಲವು ತಿಂಗಳ ಮೇಲೆ ಮಾಹಿತಿ ಹಕ್ಕಿನಡಿ ಹೋಟೆಲ್ ಬಿಲ್ಲು ಹೊರಬಂತು: ಅತಿಥಿಗಳ ವಾಸ, ಊಟ, ಉಪಚಾರಕ್ಕೆ ಸುಮಾರು ₹42 ಲಕ್ಷ. ಅದರಲ್ಲಿ ಚಂದ್ರಬಾಬು ನಾಯ್ಡು ಅವರ ಲೆಕ್ಕಕ್ಕೆ ಬರೆದದ್ದೇ ₹8.7 ಲಕ್ಷ. ಎರಡು ಪ್ರಮಾಣವಚನಕ್ಕೆ ಹಂಚಿದರೆ ತಲಾ ₹21 ಲಕ್ಷ. ಅತಿಥಿಗಳು ಹೋಟೆಲಿನಿಂದ ಚೆಕ್‌ಔಟ್ ಆದ ಮೇಲೆ ಮಿತವ್ಯಯ ಚೆಕ್‌ಇನ್ ಆಯಿತು: ಹೊಸ ಕಾರು ಕೊಳ್ಳಬೇಡಿ, ದುಂದುವೆಚ್ಚ ಬೇಡ ಎಂದು ಸೂಚನೆಗಳು ಹೊರಟವು. ವಿರೋಧ ಪಕ್ಷದಲ್ಲಿ ಕೂತ ಬಿಜೆಪಿಗೆ ರೈತರ ಕಷ್ಟ ಕಂಡು ಎದೆ ಒಡೆಯಿತು.

ಒಡೆದ ಎದೆ 2022ಕ್ಕೆ ಪೂರ್ತಿ ಕೂಡಿಕೊಂಡಿತ್ತು. ಬಿಜೆಪಿಯ ಬಸವರಾಜ ಬೊಮ್ಮಾಯಿ ಸರ್ಕಾರದ ವರ್ಷದ ಸಂಭ್ರಮಕ್ಕೆ ದೊಡ್ಡಬಳ್ಳಾಪುರದಲ್ಲಿ ‘ಜನೋತ್ಸವ’ ನಿಶ್ಚಯವಾಗಿತ್ತು. ದಕ್ಷಿಣ ಕನ್ನಡದಲ್ಲಿ ಪಕ್ಷದ ಯುವ ಕಾರ್ಯಕರ್ತನ ಕೊಲೆಯಾಗಿ ಅದು ರದ್ದಾಯಿತು. ಮತ್ತೆ ‘ಜನಸ್ಪಂದನ’ ಎಂಬ ಹೆಸರಿಟ್ಟು ಸೆಪ್ಟೆಂಬರ್ 10ರಂದು ನಡೆಸಿದರು. ಅದೇ ವಾರ ಬೆಂಗಳೂರಿನ ಪೂರ್ವ ಭಾಗ ಮುಳುಗಿತ್ತು. ಮಹದೇವಪುರದ ಕಡೆ ಸಾಫ್ಟ್‌ವೇರ್ ಎಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋಗುತ್ತಿದ್ದರೆ, ದೊಡ್ಡಬಳ್ಳಾಪುರದ ವೇದಿಕೆಯಲ್ಲಿ ಸಚಿವರು ಹಾಡಿಗೆ ಹೆಜ್ಜೆ ಹಾಕಿದರು. ಈಗ ಎದೆ ಒಡೆಯುವ ಸರದಿ ಕಾಂಗ್ರೆಸ್ಸಿನದು.

2025ಕ್ಕೆ ಬನ್ನಿ. ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ ₹60ರಿಂದ ₹90ಕ್ಕೆ ಹಾರಿತು. ಏಪ್ರಿಲ್ ಒಂದರಂದು ಹಾಲು ಲೀಟರಿಗೆ ₹4 ಹೆಚ್ಚಾಯಿತು. ಅದು ಮೂರ್ಖರ ದಿನವೆಂದು ನಂಬದೆ ಕೂತವರು ಡೈರಿ ಬೂತಿನಲ್ಲಿ ನಂಬಿದರು. ಮೇ 20ರಂದು ಕಾಂಗ್ರೆಸ್ಸಿನ ಸಿದ್ದರಾಮಯ್ಯ ಸರ್ಕಾರದ ಎರಡು ವರ್ಷದ ‘ಸಾಧನಾ ಸಮಾವೇಶ’ ಹೊಸಪೇಟೆಯಲ್ಲಿ. ಅದಕ್ಕೆ ಎರಡು ದಿನ ಮುಂಚಿನಿಂದ ಬೆಂಗಳೂರಿನ ಮೇಲೆ ಮಳೆ. ಕೆ.ಆರ್. ಪುರ ಕ್ಷೇತ್ರದ ಹೊರಮಾವು ಸಾಯಿ ಲೇಔಟಿನಲ್ಲಿ ನೆಲಮಹಡಿಗಳು ಮುಳುಗಿದವು, ಬಿಜೆಪಿ ಶಾಸಕರು ಜೆಸಿಬಿ ಏರಿ ನೀರಿನ ನಡುವೆ ಸಂಚರಿಸಿದರು. ಈ ಜೆಸಿಬಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗೆದ್ದಾಗ ನಾಯಕರ ತಲೆಯ ಮೇಲೆ ಹೂ ಸುರಿಯುವುದೂ ಅದೇ, ಊರು ಮುಳುಗಿದಾಗ ಅವರನ್ನು ಹೊತ್ತು ತಿರುಗುವುದೂ ಅದೇ. ಚರಂಡಿಯ ಹೂಳು ತೆಗೆಯಲು ಅದಕ್ಕೆ ಪುರುಸೊತ್ತೆಲ್ಲಿ?

ಸಮಾವೇಶ ನಡೆಯಿತು, 1,11,111 ಕುಟುಂಬಗಳಿಗೆ ಹಕ್ಕುಪತ್ರ ಎಂದರು. ಹಕ್ಕುಪತ್ರ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಬಡತನ ಹೀಗೆ ಎಲ್ಲ ಒಂದೊಂದಾಗಿ ಸಾಲು ನಿಂತು ಲೆಕ್ಕಕ್ಕೆ ಸಿಗುವುದು ವೇದಿಕೆ ಹಾಕಿದಾಗ ಮಾತ್ರ. ಆ ಕೊನೆಯ ಒಂದು ಸಿಗಲು ಅದರ ಹಿಂದಿನ ಎಷ್ಟು ಮನೆಯವರು ಕಾದರೋ!

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಬೈದದ್ದು ಒಬ್ಬನೇ ಆಸಾಮಿಯನ್ನು. ಅವನದೇ ಹೊಟ್ಟೆ, ಅವನದೇ ಜುಟ್ಟು; ಹಸಿದರೆ ಅವನೇ ಅನುಭವಿಸುತ್ತಿದ್ದ. ಪ್ರಜಾಪ್ರಭುತ್ವ ಇಲ್ಲಿ ಒಂದು ಸುಧಾರಣೆ ತಂದಿದೆ. ಹೊಟ್ಟೆಯ ವಿಭಾಗ ನಮಗೆ, ಜುಟ್ಟಿನ ವಿಭಾಗ ಅವರಿಗೆ. ಮಲ್ಲಿಗೆಯ ಬಿಲ್ಲು ಹೊಟ್ಟೆಯ ಹೆಸರಿಗೆ.

ಹೂವಿನ ವಿಷಯದಲ್ಲಿ ಸರ್ಕಾರಗಳು ಏನೂ ಮಾಡಿಲ್ಲ ಎನ್ನುವಂತಿಲ್ಲ. 2021ರ ಆಗಸ್ಟಿನಲ್ಲಿ ಬೊಮ್ಮಾಯಿಯವರು ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿದರು. 2023ರ ಮೇ ತಿಂಗಳಲ್ಲಿ, ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ ಮುಗಿದ ಮರುದಿನ, ಸಿದ್ದರಾಮಯ್ಯನವರೂ ಹೂವು, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಆದರೆ ಹಾರವೂ ಕನ್ನಡಿಗರಂತೆಯೇ ಜಾಣ. ಹೂವು ಬೇಡವೆಂದರೆ ಸೇಬು, ಸೇಬು ಸಾಲದಿದ್ದರೆ ಮೂಸಂಬಿ, ಕೈಯಲ್ಲಿ ಎತ್ತಲಾಗದಿದ್ದರೆ ಕ್ರೇನು. ಕುಮಾರಸ್ವಾಮಿಯವರ ಪಂಚರತ್ನ ಯಾತ್ರೆಯ ಹೊತ್ತಿಗೆ ತರಕಾರಿ, ಕಬ್ಬು, ರಾಗಿ ತೆನೆಯ ತನಕ ಎಲ್ಲವೂ ಹಾರವಾಗಿ ಮೇಲೇರಿ ದಾಖಲೆಯ ಪುಸ್ತಕವನ್ನೂ ಸೇರಿತು. ಪುಸ್ತಕ ಕೊಡಿ ಎಂದದ್ದನ್ನು ಒಂದು ಬಗೆಯಲ್ಲಿ ಪಾಲಿಸಿದಂತೆಯೇ.

ಇಷ್ಟು ಹೇಳಿದರೆ ಯಾರಾದರೂ ಅರ್ಥಶಾಸ್ತ್ರ ಎತ್ತಿಕೊಂಡು ಬರುತ್ತಾರೆ. ಸಮಾರಂಭವೆಂದರೆ ಉದ್ಯೋಗ ಕಣ್ರೀ. ಶಿವಾಜಿನಗರದ ಹೂವಿನವರು, ಬ್ಯಾಂಡ್ ಸೆಟ್ಟಿನವರು, ಹಲಸೂರಿನ ಪೆಂಡಾಲಿನವರು, ಬಿರಿಯಾನಿ ಡೇಗಿನವರು ಎಲ್ಲರ ಹೊಟ್ಟೆ ತುಂಬುವುದಿಲ್ಲವೇ? ತುಂಬುತ್ತದೆ. ಹಾಗೆಂದೇ ಅವರ ಮೇಲೆ ನನಗೆ ಸಿಟ್ಟಿಲ್ಲ. ಕಂಬ ನೆಟ್ಟು ಬಟ್ಟೆ ಕಟ್ಟುವವನು ದುಡಿದೇ ಉಣ್ಣುತ್ತಾನೆ. ಆ ಬಟ್ಟೆಯ ಕೆಳಗಿನ ಸೋಫಾದಲ್ಲಿ ಕೂರುವವರ ಬಗ್ಗೆ ಅಷ್ಟು ಖಾತ್ರಿಯಾಗಿ ಹೇಳಲಾರೆ. ಬಡವರಿಗೆ ಕೆಲಸ ಕೊಡಲೇಬೇಕೆಂದಿದ್ದರೆ ಅದೇ ಕಂಬ, ಅದೇ ಕೂಲಿ ಇಟ್ಟುಕೊಂಡು ಶಿವಾಜಿನಗರದ ಬಸ್ ನಿಲ್ದಾಣದಿಂದಾಚೆ ಬಿಸಿಲಲ್ಲಿ ನಿಂತವರಿಗೆ ನೆರಳು ಕಟ್ಟಿಸಬಹುದು. ಅಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ ಎಂಬುದೊಂದೇ ತೊಂದರೆ.

ನಮ್ಮ ನಾಯಕರನ್ನಷ್ಟೇ ಬೈಯುವುದೂ ಅನ್ಯಾಯ. ಈ ವಿದ್ಯೆಯಲ್ಲಿ ಅವರು ಶಿಷ್ಯರು. ಗುರುಗಳು ದಂಡು ಪ್ರದೇಶದಲ್ಲಿ ಬಂಗಲೆ ಕಟ್ಟಿಕೊಂಡಿದ್ದ ದೊರೆಗಳು. ಧಾತು ಈಶ್ವರ ಬರ ಮೈಸೂರು ಸೀಮೆಯನ್ನು ಅರೆಯುತ್ತಿದ್ದಾಗ, 1877ರ ಜನವರಿ 1ರಂದು ವೈಸ್‌ರಾಯ್ ಲಾರ್ಡ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರಿದ. ರಾಣಿ ಬಂದಿರಲಿಲ್ಲ, ಊಟ ಬಂದಿತ್ತು. 68,000 ಜನರಿಗೆ ವಾರದ ಔತಣ ಎಂದು ಇತಿಹಾಸಕಾರ ಮೈಕ್ ಡೇವಿಸ್ ಬರೆಯುತ್ತಾರೆ. ನಮ್ಮ ಕಡೆಯಿಂದ 13 ವರ್ಷದ ಚಾಮರಾಜೇಂದ್ರ ಒಡೆಯರನ್ನೂ ಕರೆಸಿಕೊಂಡಿದ್ದರು. ಅದೇ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಮಹಾಶಯನನ್ನು ಮದ್ರಾಸು, ಮೈಸೂರಿಗೆ ಅಟ್ಟಿದರು. ಬರ ಕಾಮಗಾರಿಯಲ್ಲಿ ಕಲ್ಲು ಒಡೆಯುವವರಿಗೆ ಕೂಲಿ ಹೆಚ್ಚಾಯಿತು, ದುಂದುವೆಚ್ಚ ನಿಲ್ಲಿಸಬೇಕು ಎಂಬುದು ಅವನ ಕಾಳಜಿ. ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಮೇಲೊಂದಿಷ್ಟು ಚಿಲ್ಲರೆ ಸಾಕೆಂದ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50.55 ಲಕ್ಷ ಜನ, 1881ರಲ್ಲಿ 41.86 ಲಕ್ಷ. ಅದೇ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಬರದ ಖರ್ಚಿನ ₹80 ಲಕ್ಷ ಸಾಲವನ್ನೂ ಜೊತೆಗೇ ಕೊಟ್ಟರು. ಮಿತವ್ಯಯ ಕೂಲಿಯವನಿಂದ ಶುರುವಾಗಬೇಕು ಎಂಬ ಪಾಠವನ್ನು ಅಂದಿನಿಂದ ಇಂದಿನವರೆಗೆ ಯಾವ ಸರ್ಕಾರವೂ ಮರೆತಿಲ್ಲ.

ಆದರೂ ದರ್ಬಾರಿನ ಊಟ, ಹೋಟೆಲಿನ ಬಿಲ್ಲು ಇವೆಲ್ಲ ಸಣ್ಣ ಬಾಬ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಪೈಸೆ ಸಮೇತ ಸಿಗುತ್ತದೆ. ಯಾವ ಅರ್ಜಿಗೂ ಸಿಗದ ಖರ್ಚೊಂದಿದೆ. ಅದರ ಲೆಕ್ಕ ಗೊತ್ತಿರುವವರು ಕೆ.ಆರ್. ಪುರದವರು.

2023ರ ಮಾರ್ಚ್ 25. ವೈಟ್‌ಫೀಲ್ಡಿನಿಂದ ಕೆ.ಆರ್. ಪುರದ ತನಕದ 13.71 ಕಿ.ಮೀ. ಮೆಟ್ರೊ ಮಾರ್ಗವನ್ನು ಪ್ರಧಾನಿ ಉದ್ಘಾಟಿಸಿದರು. ಸುಮಾರು ₹4,250 ಕೋಟಿಯ ಕೆಲಸ. ಒಂದು ಕೊರತೆ ಮಾತ್ರ: ಈ ಮೆಟ್ರೊ ಊರಿನ ಮೆಟ್ರೊಗೆ ಕೂಡಿರಲಿಲ್ಲ. ಬೈಯಪ್ಪನಹಳ್ಳಿಗೆ ಇನ್ನೂ ಎರಡು ಕಿಲೋಮೀಟರಿನ ಚಿಲ್ಲರೆ ಬಾಕಿ. ಅರ್ಧ ಆದದ್ದಕ್ಕೇ ಯಾಕೆ ಇಷ್ಟು ಅವಸರ ಎಂದು ತಲೆ ಕೆಡಿಸಿಕೊಂಡವರಿಗೆ ನಾಲ್ಕೇ ದಿನದಲ್ಲಿ ಉತ್ತರ ಸಿಕ್ಕಿತು. ಮಾರ್ಚ್ 29ರಂದು ಚುನಾವಣಾ ಆಯೋಗ ವಿಧಾನಸಭೆ ಚುನಾವಣೆಯ ದಿನಾಂಕ ಸಾರಿತು. ಅಲ್ಲಿಂದ ಆರು ತಿಂಗಳು ಜನ ಕೆ.ಆರ್. ಪುರದಲ್ಲಿ ಇಳಿದು, ಫೀಡರ್ ಬಸ್ ಹತ್ತಿ, ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ತಪಸ್ಸು ಮಾಡಿ, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೊ ಹತ್ತಿದರು. ಹವಾನಿಯಂತ್ರಿತ ರೈಲಿನಲ್ಲಿ ಉಳಿಸಿದ ಸಮಯವನ್ನೆಲ್ಲ ಹಳೇ ಮದ್ರಾಸ್ ರಸ್ತೆಗೆ ಬಡ್ಡಿ ಸಮೇತ ಕಟ್ಟಿದರು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಆ ತುಂಡೂ ಮುಗಿಯಿತು. ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷೆ ಮಾಡಿ ಒಪ್ಪಿದರು. ಹಳಿ ಇದೆ, ಕರೆಂಟಿದೆ, ರೈಲಿದೆ, ಜನರಿದ್ದಾರೆ. ಇಲ್ಲದ್ದು ಗಣ್ಯರ ದಿನಾಂಕ. ಈ ಸಲ ಹತ್ತಿರದಲ್ಲಿ ಚುನಾವಣೆಯಿಲ್ಲ, ಹಾಗಾಗಿ ಅವಸರವೂ ಇಲ್ಲ. ಜನ ಜಾಲತಾಣದಲ್ಲಿ ಉಗಿದರು, ಪತ್ರಿಕೆಗಳು ಬರೆದವು. ಕೊನೆಗೆ ಔಪಚಾರಿಕ ಕಾರ್ಯಕ್ರಮ ಆಮೇಲೆ ನೋಡೋಣ, ಮೊದಲು ಓಡಿಸಿ ಎಂದು ಕೇಂದ್ರದಿಂದ ಒಪ್ಪಿಗೆ ಬಂತು. ಅಕ್ಟೋಬರ್ 9ರ ಬೆಳಿಗ್ಗೆ 5ಕ್ಕೆ ಬಾಗಿಲು ತೆರೆಯಿತು. ಬ್ಯಾಂಡಿಲ್ಲ, ಬಂಟಿಂಗ್ಸಿಲ್ಲ, ಭಾಷಣವಿಲ್ಲ. ಟೇಪು ಕತ್ತರಿಸದ ಹಳಿಯ ಮೇಲೂ ರೈಲು ಓಡುತ್ತದೆ ಎಂಬ ವೈಜ್ಞಾನಿಕ ಸತ್ಯ ಆ ತುಂಡಿನ ನಡುವಿನ ಬೆನ್ನಿಗಾನಹಳ್ಳಿಯಲ್ಲಿ ಸಾಬೀತಾಯಿತು. ಆದರೂ ಶಾಸ್ತ್ರ ಬಿಡಬಾರದಲ್ಲ! 11 ದಿನ ಕಳೆದು, ಅಕ್ಟೋಬರ್ 20ರಂದು, ಪ್ರಧಾನಿ ದೂರದ ಉತ್ತರ ಪ್ರದೇಶದಿಂದ ವಿಡಿಯೊ ಮೂಲಕ ಅದನ್ನು ಲೋಕಾರ್ಪಣೆ ಮಾಡಿದರು. ಲೋಕ ಅಷ್ಟರಲ್ಲಿ ಅದರೊಳಗೆ ಕೂತು ನಿದ್ದೆ ಹೊಡೆಯುತ್ತಿತ್ತು.

ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ರೈಲ್ವೆ ಟರ್ಮಿನಲ್ಲಿನದೂ ಇದೇ ಜಾತಕ. ಸುಮಾರು ₹315 ಕೋಟಿಯ ಎ.ಸಿ. ಕಟ್ಟಡ 2021ರಲ್ಲೇ ಸಿದ್ಧವಾಗಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಖಾಲಿ ನಿಂತಿತು. 2022ರ ಜೂನ್ 6ರಂದು ಸದ್ದಿಲ್ಲದೆ ಮೊದಲ ರೈಲು ಬಿಟ್ಟರು, ಜೂನ್ 20ರಂದು ಪ್ರಧಾನಿ ಕೊಮ್ಮಘಟ್ಟದಿಂದ ದೇಶಕ್ಕೆ ಅರ್ಪಿಸಿದರು. ಆ ಭೇಟಿಗೆಂದು ನಗರದ ರಸ್ತೆಗಳಿಗೆ ಸುಮಾರು ₹23 ಕೋಟಿಯ ಡಾಂಬರು ಬಿತ್ತು. ಜ್ಞಾನಭಾರತಿ ಕಡೆ ಅದು ಕೆಲವೇ ದಿನಕ್ಕೆ ಕಿತ್ತು ಬಂದು, ಪ್ರಧಾನಿ ಕಚೇರಿಯೇ ವರದಿ ಕೇಳಿತು. ದುಡಿಮೆಗೆ ಹೆಸರಾದ ವಿಶ್ವೇಶ್ವರಯ್ಯನವರ ಹೆಸರಿಟ್ಟ ಕಟ್ಟಡವನ್ನು ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದೆ ಕೂರಿಸಿದ್ದು ಈ ನಾಡಿನ ಹಾಸ್ಯಪ್ರಜ್ಞೆ.

ಇದೇ ಸಮಾರಂಭಕ್ಕೆ ಇನ್ನೊಂದು ಮುಖವೂ ಇದೆ. ಕೆ.ಆರ್. ಪುರದ ರೈಲು ದಿನಗಟ್ಟಲೆ ಕಾಯಬಹುದು. ಐಪಿಎಲ್ ಕಪ್ಪು ಒಂದು ದಿನವೂ ಕಾಯುವಂತಿರಲಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದಿತು. ಮರುದಿನ ಸಂಜೆಗೇ ವಿಧಾನಸೌಧದ ಮೆಟ್ಟಿಲ ಮೇಲೆ ಪೇಟ, ಶಾಲು, ಹಾರ, ಆಟಗಾರರಿಗಿಂತ ಮುಂದೆ ನಿಲ್ಲಲು ನಾಯಕರ ನೂಕಾಟ. ಅತ್ತ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಬೇರೆ ನೂಕಾಟ. 11 ಮಂದಿ ಸತ್ತರು, ಹೆಚ್ಚಿನವರು ಎಳೆಯ ವಯಸ್ಸಿನವರು. ಕೆಲವರನ್ನು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ತಂದರು. ಇಲ್ಲಿ ವ್ಯಂಗ್ಯ ಬರೆಯಲು ನನಗೆ ಕೈ ಬರುವುದಿಲ್ಲ. ಒಂದು ವಾರ ತಡೆದು ಮಾಡಿದ್ದರೆ ಕಪ್ಪು ಹಳಸುತ್ತಿತ್ತೇ ಎಂದು ಮಾತ್ರ ಕೇಳುತ್ತೇನೆ.

ಮುಂದೆ ಬರುವುದು ಪಾಲಿಕೆಗಳ ಸುಗ್ಗಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬಿಬಿಎಂಪಿ ಕೌನ್ಸಿಲಿಗೆ ಚುನಾವಣೆ ನಡೆಸಲು ಪುರುಸೊತ್ತಾಗದ ಸರ್ಕಾರಗಳು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯನ್ನೇ ಐದು ಪಾಲಿಕೆಗಳಾಗಿ ಒಡೆದವು. ಶಿವಾಜಿನಗರ ಕೇಂದ್ರಕ್ಕೆ, ಕೆ.ಆರ್. ಪುರ ಪೂರ್ವಕ್ಕೆ. ಐದು ಪಾಲಿಕೆಯೆಂದರೆ ಐದು ಮೇಯರ್ ಪದಗ್ರಹಣ, ಐದು ಉಪಮೇಯರ್, ಐದು ಮೆರವಣಿಗೆ. ಬೇಡವೆಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಬೇಡವೆನ್ನುವುದಿಲ್ಲ. ಸೇಬು ಎಷ್ಟು ಬೇಕೋ ಅಷ್ಟು ಕಟ್ಟಲಿ. ಪೂರ್ವ ಪಾಲಿಕೆಯದ್ದಕ್ಕೆ ಮಾತ್ರ ನನ್ನದೊಂದು ಸಲಹೆ. ಸ್ಥಳ ಟಿನ್ ಫ್ಯಾಕ್ಟರಿ. ದಿನ ಸೋಮವಾರ. ಸಮಯ ಸಂಜೆ 6:30. ಜೀರೋ ಟ್ರಾಫಿಕ್ ಇಲ್ಲ, ಸೈರನ್ ಇಲ್ಲ. ಮುಖ್ಯ ಅತಿಥಿಗಳು ಸಿಲ್ಕ್ ಬೋರ್ಡಿನಿಂದ ಬಿಎಂಟಿಸಿ ಬಸ್ಸಿನಲ್ಲಿ ಬರತಕ್ಕದ್ದು. ಯಾರು ಮೊದಲು ಮುಟ್ಟುತ್ತಾರೋ ಅವರೇ ಉದ್ಘಾಟಕರು. ರಾತ್ರಿ ಹತ್ತರ ತನಕ ಯಾರೂ ಬರದಿದ್ದರೆ, ಅಲ್ಲಿ ಬಸ್ಸಿಗೆ ಕಾದು ನಿಂತವರಲ್ಲೊಬ್ಬರು ಟೇಪು ಕತ್ತರಿಸಿ ಕತ್ತರಿಯನ್ನು ವಾಪಸು ಕೊಟ್ಟು ಹೋಗಲಿ.