ಭಾಟಕಶಕಟ ಮೀಮಾಂಸೆ: ಇಟಲಿಯ ಹಳ್ಳಿಗಾಡಿನಲ್ಲಿ ಬಾಡಿಗೆ ಕಾರಿನ ಶಾಸ್ತ್ರವಿಚಾರ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ, ಈ ನಾಲ್ಕು ಗೊತ್ತಾಗದೆ ಓದುಗ ಪುಟ ತಿರುವಕೂಡದು. ಪ್ರಸ್ತುತ ಶಾಸ್ತ್ರದ ವಿಷಯ, ರಜೆಯಲ್ಲಿ ಇಟಲಿಗೆ ಹೋಗಿ ಟಸ್ಕನಿ, ಉಂಬ್ರಿಯಾಗಳ ಹಳ್ಳಿಗಾಡಿನಲ್ಲಿ ಬಾಡಿಗೆ ಕಾರು ಓಡಿಸುವುದು. ಪ್ರಯೋಜನ, ಸೈಪ್ರೆಸ್ ಮರಗಳ ಸಾಲಿನ ಮುಂದೆ ಕಾರು ನಿಲ್ಲಿಸಿ ತೆಗೆದ ಫೋಟೊ. ಸಂಬಂಧ ಎಂದರೆ ಪ್ರವಾಸಿಗೂ ಅವನ ಕ್ರೆಡಿಟ್ ಕಾರ್ಡಿಗೂ ಇರುವ ನಂಟು. ಕೌಂಟರಿನವರು ಠೇವಣಿಯ ಮೊತ್ತವನ್ನು ತಡೆಹಿಡಿದ ಗಳಿಗೆಯಿಂದ ಅದು ಬಿಗಿಯಾಗುತ್ತ ಹೋಗುತ್ತದೆ. ಇನ್ನು ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು. ಊರಿನ ಲೈಸೆನ್ಸಿನ ಜೊತೆಗೆ ಆರ್‌ಟಿಒ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದರೆ ಮಾತ್ರ ಭಾರತೀಯನಿಗೆ ಈ ಅಧಿಕಾರ. ಆ ಪರವಾನಗಿಯ ಆಯುಸ್ಸು ಒಂದು ವರ್ಷ. ಹಿಂದಿನ ಯುರೋಪ್ ಪ್ರವಾಸದ್ದು ಬೀರುವಿನಲ್ಲಿ ಇದ್ದೇ ಇದೆಯಲ್ಲ ಎಂದು ಹೊರಟವನು ಅನಧಿಕಾರಿ.

ಈ ವಿದ್ಯೆ ನಿನ್ನೆ ಮೊನ್ನೆಯದು ಎನ್ನುವವರು ರೋಮ್‌ನ ಹಳೆಯ ಬಂದರು ಒಸ್ತಿಯಾವನ್ನು ನೋಡಿಬರಬೇಕು. ಅಲ್ಲಿ ಕ್ರಿ.ಶ. 2ನೇ ಶತಮಾನದ ಒಂದು ಸ್ನಾನಗೃಹವಿದೆ, ಸಿಸಿಯಾರಿಗಳ ಸ್ನಾನಗೃಹ. ಸಿಸಿಯಂ ಎಂಬ ಎರಡು ಚಕ್ರದ ಹಗುರ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಿದ್ದ ಈ ಸಿಸಿಯಾರಿಗಳು ನಮ್ಮ ಜಟಕಾದವರ ಸಗೋತ್ರರು. ನೆಲದ ಕಪ್ಪು ಬಿಳುಪು ಮೊಸಾಯಿಕ್ ಚಿತ್ರದಲ್ಲಿ ಕೋಟೆಗೋಡೆ, ಗಾಡಿಗಳು, ಎಳೆಯುವ ಹೇಸರಗತ್ತೆಗಳು ಎಲ್ಲವೂ ಇವೆ. ಹೇಸರಗತ್ತೆಗಳ ಹೆಸರನ್ನೂ ಬರೆದಿದ್ದಾರೆ. ಒಂದರ ಹೆಸರು ಪೊದಾಗ್ರೋಸುಸ್, ಅಂದರೆ ಕಾಲುಬೇನೆಯವನು. ಗಿರಾಕಿಗೆ ಮುಂಗಡವಾಗಿಯೇ ಸತ್ಯ ತಿಳಿಸುವ ಈ ಸಂಪ್ರದಾಯ ಬಾಡಿಗೆ ವಾಹನೋದ್ಯಮದಲ್ಲಿ ಮುಂದೆ ಬೆಳೆದಂತೆ ಕಾಣುವುದಿಲ್ಲ.

ಈ ಗಾಡಿಯವರ ಸ್ಟ್ಯಾಂಡು ಇರುತ್ತಿದ್ದುದು ಊರಬಾಗಿಲ ಬಳಿ. ಅದಕ್ಕೆ ಕಾನೂನಿನ ಆಧಾರವುಂಟು. ದಕ್ಷಿಣ ಇಟಲಿಯ ಹೆರಾಕ್ಲಿಯಾದ ಹತ್ತಿರ 1732ರಲ್ಲಿ ಸಿಕ್ಕ, ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ ಕಂಚಿನ ಫಲಕದಲ್ಲಿ ಜೂಲಿಯಸ್ ಸೀಸರನದೆಂದು ವಿದ್ವಾಂಸರು ಹೇಳುವ, ಕ್ರಿ.ಪೂ. 45ರ ಸುಮಾರಿನ ಶಾಸನವಿದೆ. ಸೂರ್ಯೋದಯದಿಂದ ಹಗಲಿನ ಹತ್ತನೆಯ ಹೊತ್ತಿನವರೆಗೆ ರೋಮ್ ಪಟ್ಟಣದೊಳಗೆ ಗಾಡಿ ಹೊಡೆಯಕೂಡದು ಎಂಬುದು ಅದರ ಆಜ್ಞೆ. ದೇವಾಲಯ ಕಟ್ಟುವ ಸಾಮಗ್ರಿ, ವೆಸ್ತಾ ದೇವಿಯ ಕನ್ಯಾ ಅರ್ಚಕಿಯರು, ವಿಜಯೋತ್ಸವದ ಮೆರವಣಿಗೆ, ಊರಿನ ಗಲೀಜನ್ನು ಹೊರಗೆ ಸಾಗಿಸುವ ಗಾಡಿ, ಇವಕ್ಕೆಲ್ಲ ವಿನಾಯಿತಿ. ಪ್ರವಾಸಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಎರಡು ಸಾವಿರ ವರ್ಷವಾದರೂ ಸೇರಿಲ್ಲ. ಹಗಲೆಲ್ಲ ಹೊರಗೆ ಕಾದ ಗಾಡಿಗಳು ರಾತ್ರಿ ಒಳನುಗ್ಗಿ ನಿದ್ದೆ ಕೆಡಿಸುತ್ತವೆಂದು ಕವಿ ಜುವೆನಲ್ ತನ್ನ ಮೂರನೆಯ ವಿಡಂಬನೆಯಲ್ಲಿ ಗೊಣಗಿದ್ದಾನೆ. ಈ ಪ್ರಬಂಧದ ಸಿದ್ಧಾಂತವನ್ನು ಇಲ್ಲೇ ಹೇಳಿಬಿಡುವುದು ವಾಸಿ: ಇಟಲಿಯಲ್ಲಿ ಬಾಡಿಗೆ ಗಾಡಿ ಎಂಬುದು ಊರಬಾಗಿಲಿನಿಂದ ಆಚೆಗೆ ಸೇರಿದ ವಸ್ತು. ಪ್ರವಾಸಿಗಳು ಪಡುವ ಪಾಡೆಲ್ಲ ಈ ಸೂತ್ರಕ್ಕೆ ಬರೆದ ಭಾಷ್ಯ.

ರೋಮನ್ ನ್ಯಾಯಶಾಸ್ತ್ರಜ್ಞರೂ ಈ ಕ್ಷೇತ್ರದಲ್ಲಿ ಸಾಕಷ್ಟು ತಲೆ ಕೆಡಿಸಿಕೊಂಡಿದ್ದರು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರತಂದ ಡೈಜೆಸ್ಟ್ ಎಂಬ ನ್ಯಾಯಸಂಗ್ರಹದ 19ನೇ ಪುಸ್ತಕವನ್ನು ತೆರೆದರೆ ಇಂದಿನ ಕೌಂಟರಿನ ಜಗಳಗಳೆಲ್ಲ ಅಲ್ಲಿವೆ. ಬಾಡಿಗೆ ಗಾಡಿ ಸೇತುವೆ ದಾಟುವಾಗ ಗಾಡಿಯ ಬಾಬ್ತು ಸುಂಕ ಯಾರು ಕಟ್ಟಬೇಕು? ಆ ದಾರಿಯಲ್ಲೇ ಹೋಗುತ್ತೇನೆಂದು ಬಾಡಿಗೆಗೆ ಕೊಡುವಾಗ ಗಾಡಿಯವನಿಗೆ ಗೊತ್ತಿದ್ದರೆ ಅವನೇ ಕಟ್ಟಲಿ ಎಂದವನು ಆಗಸ್ಟಸ್ ಕಾಲದ ಲಾಬಿಯೊ. ಇಷ್ಟು ಭಾರ ಹೊರಿಸುತ್ತೇನೆಂದು ಹೇಳಿ ಹೇಸರಗತ್ತೆ ಪಡೆದು, ಹೆಚ್ಚು ಹೇರಿ ಅದರ ಸೊಂಟ ಮುರಿದವನ ಪ್ರಕರಣವನ್ನು ಅವನಿಗಿಂತ ಹಿಂದಿನ ಆಲ್ಫೇನಸ್ ಚರ್ಚಿಸಿದ್ದಾನೆ. ದಂಡ ತೆರಬೇಕಾದವನು ಬಾಡಿಗೆಗೆ ಪಡೆದವನೇ. ಮೂರನೆಯದು ಉಲ್ಪಿಯನ್‌ನದು: ಸಿಸಿಯಾರಿಯೊಬ್ಬ ಮುಂದಿನವರನ್ನು ಹಿಂದೆ ಹಾಕುವ ಹುಮ್ಮಸ್ಸಿನಲ್ಲಿ ಗಾಡಿ ಮಗುಚಿ ಒಳಗಿದ್ದ ಗುಲಾಮನಿಗೆ ಪೆಟ್ಟು ಮಾಡಿದರೆ ಹೊಣೆ ಅವನದೇ. ಇಟಲಿಯವರಿಗೆ ಓವರ್‌ಟೇಕಿನ ಮೇಲಿರುವ ಒಲವು ಎಷ್ಟು ಹಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ದೀನೊ ರೀಸಿ 1962ರಲ್ಲಿ ಈ ಒಲವಿನ ಮೇಲೆಯೇ ‘ಇಲ್ ಸೋರ್ಪಾಸ್ಸೊ’ ಎಂಬ ಸಿನಿಮಾ ಮಾಡಿದ. ಅದರಲ್ಲಿ ಲಾನ್ಚಾ ಔರೇಲಿಯಾ ಕಾರೂ ಉಲ್ಪಿಯನ್ ಎಚ್ಚರಿಸಿದ ಗತಿಯನ್ನೇ ಕಾಣುತ್ತದೆ.

ಇನ್ನು ಒಪ್ಪಂದದ ಸ್ವರೂಪ. ಗೋವಿನಲ್ಲಿ ಗೋತ್ವವೆಂಬ ಸಾಮಾನ್ಯಧರ್ಮ ಇದೆಯೆಂದು ನೈಯಾಯಿಕರು ಹೇಳುತ್ತಾರಷ್ಟೆ. ಬಾಡಿಗೆ ಕಂಪನಿಗಳು ಕೊಡುವ ವಾಗ್ದಾನ ಈ ಸಾಮಾನ್ಯಕ್ಕೆ ಸಂಬಂಧಪಟ್ಟದ್ದು. ಬುಕ್ ಮಾಡುವಾಗ ತೋರಿಸಿದ ಚಿತ್ರದ ಕೆಳಗೆ ‘ಅಥವಾ ತತ್ಸಮ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಕೌಂಟರಿನಲ್ಲಿ ಸಿಗುವುದು ತದ್ಭವ. ಗೇರು ಕೈಯಿಂದ ಹಾಕುವುದೇ ಅಲ್ಲಿ ರೂಢಿ, ಆಟೊಮ್ಯಾಟಿಕ್ ಬೇಕೆಂದರೆ ಮೊದಲೇ ಹೇಳಿ ಹೆಚ್ಚು ಹಣ ತೆರಬೇಕು. ಎಲ್ಲರ ಕಣ್ಣು ಫಿಯಟ್ 500ರ ಮೇಲೆ. ದಾಂತೆ ಜಕೋಸಾ ವಿನ್ಯಾಸ ಮಾಡಿದ, 1957ರಲ್ಲಿ ಹೊರಬಂದ ಮೂಲ ಮಾದರಿ ಮೂರು ಮೀಟರ್‌ಗಿಂತ ಗಿಡ್ಡ, ಎಂಜಿನ್ 479 ಸಿಸಿ. 2007ರಲ್ಲಿ ಮರುಜನ್ಮ ಪಡೆದ ಕಾರಿನ ಡಿಕ್ಕಿ 185 ಲೀಟರ್. ಸ್ಟೀರಿಂಗ್ ಪಕ್ಕದಲ್ಲಿ ಗೇರಿದ್ದ ಪ್ರೀಮಿಯರ್ ಪದ್ಮಿನಿ, ಅಂದರೆ ಫಿಯಟ್ 1100ರ ಭಾರತೀಯ ಅವತಾರದಲ್ಲಿ, ಇಡೀ ಸಂಸಾರ ಧರ್ಮಸ್ಥಳಕ್ಕೆ ಹೋಗಿಬಂದದ್ದನ್ನು ನೆನೆದು ನಾಲ್ವರು ಈ ಚಿಕ್ಕ ಕಾರನ್ನು ಬುಕ್ ಮಾಡಿದರೆ, ಒಂದು ದೊಡ್ಡ ಸೂಟ್‌ಕೇಸಿನ ನಂತರ ಚಟ್ನಿಪುಡಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಗುತ್ತದೆ. ಆಲ್ಫೇನಸ್‌ನ ಹೇಸರಗತ್ತೆ ನೆನಪಾಗುವುದು ಆಗಲೇ.

ಕೀಲಿಕೈ ಪಡೆದ ಮೇಲೆ ಬರುವುದು ಈ ಶಾಸ್ತ್ರದ ಅತಿ ಸೂಕ್ಷ್ಮ ಭಾಗ, ಅಭಾವ ಪ್ರಕರಣ. ನ್ಯಾಯ–ವೈಶೇಷಿಕರ ಪ್ರಕಾರ ಇಲ್ಲದಿರುವಿಕೆಯಲ್ಲೂ ನಾಲ್ಕು ಬಗೆ. ಹುಟ್ಟುವ ಮುನ್ನ ಇಲ್ಲದಿರುವುದು ಪ್ರಾಗಭಾವ. ನಾಶವಾದ ಮೇಲೆ ಇಲ್ಲವಾಗುವುದು ಪ್ರಧ್ವಂಸಾಭಾವ. ಒಂದು ಕಡೆ ಎಂದೂ ಇಲ್ಲದಿರುವುದು ಅತ್ಯಂತಾಭಾವ. ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಬಾಡಿಗೆ ಕಾರಿನ ಬಾಗಿಲ ಮೇಲಿನ ಗೀರಿನ ವಿಷಯದಲ್ಲಿ ಕಂಪನಿಯ ವಾದ ಹೀಗಿರುತ್ತದೆ: ಕೊಡುವಾಗ ಗೀರಿನ ಪ್ರಾಗಭಾವವಿತ್ತು, ಈಗ ಗೀರಿದೆ, ಆದ್ದರಿಂದ ನಡುವೆ ಇದ್ದವನೇ ಕರ್ತೃ. ಪ್ರವಾಸಿಯ ವಾದ ಅನ್ಯೋನ್ಯಾಭಾವದ್ದು: ನನ್ನ ಗೀರು ಇದಲ್ಲ. ಇಂಥ ವಾಗ್ವಾದದಲ್ಲಿ ಗೆಲ್ಲುವ ಪ್ರಮಾಣ ಒಂದೇ, ಪ್ರತ್ಯಕ್ಷ. ಕಾರು ಪಡೆದ ಕೂಡಲೇ ನಿಲ್ದಾಣದ ಮಬ್ಬು ಬೆಳಕಿನಲ್ಲಾದರೂ ಸರಿಯೇ ನಾಲ್ಕೂ ಕಡೆ, ಗಾಲಿಯ ರಿಮ್ಮು, ಗಾಜು, ಚಾವಣಿಗಳ ವಿಡಿಯೊ ಮಾಡಿ, ಕಾಗದದಲ್ಲಿ ನಮೂದಾಗದ ಪ್ರತಿ ಗೀರನ್ನೂ ಬರೆಸಿಕೊಂಡೇ ಹೊರಡಬೇಕು. ಪ್ರದಕ್ಷಿಣೆ ಹಾಕಿ ಕೈಮುಗಿದು ಹೊರಡುವವರು ನಮ್ಮಲ್ಲಿ ಬಹಳ. ಕೈಮುಗಿಯುವುದನ್ನು ವಿಡಿಯೊ ಆದಮೇಲೆ ಇಟ್ಟುಕೊಳ್ಳಬಹುದು.

ವಿಮೆಯ ಬಗ್ಗೆ ಎರಡು ಪಂಥಗಳಿವೆ. ಒಂದು ಕೌಂಟರಿನಲ್ಲಿ ಹೇಳಿದ್ದಕ್ಕೆಲ್ಲ ಸಹಿ ಹಾಕುವ ಭಕ್ತಿಪಂಥ, ಇನ್ನೊಂದು ದೇವರಿದ್ದಾನೆ ಬಿಡಿ ಎನ್ನುವ ವೈರಾಗ್ಯಪಂಥ. ಸಾಮಾನ್ಯವಾಗಿ ಬಾಡಿಗೆಯಲ್ಲೇ ಅಪಘಾತದ ಮತ್ತು ಕಳ್ಳತನದ ರಕ್ಷಣೆ ಸೇರಿರುತ್ತದೆ, ಆದರೆ ಒಂದು ಮಿತಿಯವರೆಗಿನ ನಷ್ಟ ಗಿರಾಕಿಯ ತಲೆಯ ಮೇಲೆಯೇ. ಆ ಮಿತಿಯನ್ನು ಇಳಿಸಲು ಹೆಚ್ಚುವರಿ ವಿಮೆ. ಅದನ್ನು ಕೊಂಡವರೂ ಟೈರು, ಗಾಜು, ಕಾರಿನ ತಳ ಅದರಲ್ಲಿ ಸೇರಿವೆಯೇ ಎಂದು ಓದಿನೋಡಬೇಕು. ಬಹಳಷ್ಟು ಕಡೆ ಸೇರಿರುವುದಿಲ್ಲ. ಕಾರಿನ ತಳದ ಪ್ರಸ್ತಾಪ ಮುಂದೆ ಮತ್ತೆ ಬರುತ್ತದೆ.

ಹೆದ್ದಾರಿಯನ್ನು ಇಟಲಿಯವರು ತಮ್ಮ ಸ್ವಂತ ಆಸ್ತಿಯೆಂದು ತಿಳಿದರೆ ತಪ್ಪಿಲ್ಲ. ಪಿಯೆರೊ ಪುರಿಚೆಲ್ಲಿ ಎಂಬ ಎಂಜಿನಿಯರ್ ರೂಪಿಸಿದ ಮಿಲಾನ್–ವರೇಸೆ ದಾರಿ 1924ರ ಸೆಪ್ಟೆಂಬರ್‌ನಲ್ಲಿ ತೆರೆದಾಗ, ಮೋಟಾರು ವಾಹನಗಳಿಗಷ್ಟೇ ಮೀಸಲಾದ ರಸ್ತೆ ಜಗತ್ತಿನಲ್ಲಿ ಅಪರೂಪ. ಟೋಲ್ ಕೂಡ ಅಂದಿನಿಂದಲೇ ಇದೆ. ಮಿಲಾನ್‌ನಿಂದ ನೇಪಲ್ಸ್‌ವರೆಗಿನ ಸೂರ್ಯ ಹೆದ್ದಾರಿ 1964ರಲ್ಲಿ ಪೂರ್ಣವಾಯಿತು. ಹತ್ತುವಾಗ ಚೀಟಿ ಪಡೆದು ಇಳಿಯುವಾಗ ಹಣ ಕಟ್ಟಬೇಕು. ಚೀಟಿ ಕಳೆದವನು ಅತಿ ದೂರದ ದ್ವಾರದಿಂದ ಬಂದವನೆಂದೇ ಲೆಕ್ಕ. ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110. ಹಳ್ಳಿದಾರಿಯಲ್ಲಿ 90, ಊರೊಳಗೆ 50. ಊರಾಚೆ ಹಟ್ಟಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. 2005ರಿಂದ ಇರುವ ‘ಟ್ಯೂಟರ್’ ಎಂಬ ವ್ಯವಸ್ಥೆ ಎರಡು ಕಮಾನುಗಳ ನಡುವಿನ ಸರಾಸರಿ ವೇಗವನ್ನು ಅಳೆಯುತ್ತದೆ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವ ವಿದ್ಯೆ ಈ ಮೇಷ್ಟರ ಮುಂದೆ ನಡೆಯದು. ಇಟಲಿಯವರಿಗೂ ಈ ಕಣ್ಗಾವಲು ರುಚಿಸಿಲ್ಲ: 2023–24ರಲ್ಲಿ ಉತ್ತರದ ವೆನೆಟೊ ಪ್ರಾಂತ್ಯದಲ್ಲಿ ವೇಗಮಾಪಕದ ಕಂಬಗಳನ್ನು ಗ್ರೈಂಡರಿನಿಂದ ಕತ್ತರಿಸಿ ಕೆಡವಿದ ಅನಾಮಿಕನಿಗೆ ‘ಫ್ಲೆಕ್ಸಿಮ್ಯಾನ್’ ಎಂದು ಹೆಸರಿಟ್ಟು ಕೆಲವರು ಕೊಂಡಾಡಿದರು. ಬಲಗಡೆ ಓಡಿಸುವುದು ಕಷ್ಟವಲ್ಲವೇ ಎಂದು ಕೇಳುವವರಿಗೆ ಉತ್ತರ: ಮೊದಲ ವೃತ್ತದವರೆಗೆ ಕಷ್ಟವಿಲ್ಲ.

ಹೆದ್ದಾರಿ ಬಿಟ್ಟಮೇಲೆ ಶಬ್ದಪ್ರಮಾಣದ ಚರ್ಚೆ ಏಳುತ್ತದೆ. ನಂಬತಕ್ಕವನ ಮಾತೇ ಪ್ರಮಾಣ ಎಂದ ಮೇಲೆ ಜಿಪಿಎಸ್ ನಂಬತಕ್ಕದ್ದೇ? ಹತ್ತಿರದ ದಾರಿ ಅದಕ್ಕೆ ಗೊತ್ತು; ಆ ದಾರಿಯ ಎರಡು ಗೋಡೆಗಳ ನಡುವೆ ಕಾರಿನ ಕನ್ನಡಿ ಹಿಡಿಸುತ್ತದೆಯೇ ಎಂಬುದು ಗೊತ್ತಿಲ್ಲ. ಎದುರಿಗೆ ಗಲ್ಲಿ ಕಿರಿದಾಗುತ್ತಿರುವುದು ಪ್ರತ್ಯಕ್ಷ, ‘ನೇರ ಹೋಗಿ’ ಎಂಬುದು ಶಬ್ದ. ಎರಡಕ್ಕೂ ವಿರೋಧ ಬಂದಾಗ ಪ್ರತ್ಯಕ್ಷವೇ ಬಲವತ್ತರ ಎನ್ನುವುದು ಈ ಪ್ರಬಂಧದ ನಿಲುವು. ಪಕ್ಕದ ಸೀಟಿನಲ್ಲಿ ಕೂತವರ ಮಾತು ಪ್ರತ್ಯಕ್ಷವೋ ಶಬ್ದವೋ ಎಂಬ ಪ್ರಶ್ನೆಯನ್ನು ಸಂಸಾರಹಿತದ ದೃಷ್ಟಿಯಿಂದ ಬಿಟ್ಟಿದೆ.

ಪೂರ್ವಪಕ್ಷ: ಇಷ್ಟೆಲ್ಲ ತಾಪತ್ರಯವಿದ್ದರೆ ರೈಲಿನಲ್ಲೇ ಹೋಗಬಾರದೇಕೆ? ಹೋಗಬಹುದು. ಫ್ಲಾರೆನ್ಸ್, ಪೀಸಾ, ಲುಕ್ಕಾಗಳಿಗೆ ರೈಲೇ ಸರಿ. ಆದರೆ ಟಸ್ಕನಿಯ ಸೊಗಸಿರುವುದು ರೈಲು ಮುಟ್ಟದ ಕಡೆ. 1985ರಲ್ಲಿ ಇಟಲಿ ಅಗ್ರಿತುರಿಸ್ಮೊ ಕಾಯ್ದೆ ಮಾಡಿ, ರೈತರು ತಮ್ಮ ತೋಟದ ಮನೆಯಲ್ಲೇ ಅತಿಥಿಗಳನ್ನು ಇರಿಸಿಕೊಳ್ಳಲು ಅನುಕೂಲ ಕಲ್ಪಿಸಿತು. ಆ ಮನೆಗಳು ಆಲಿವ್ ತೋಪಿನಾಚೆ, ದಿಣ್ಣೆಯ ನೆತ್ತಿಯ ಮೇಲೆ. ಅಲ್ಲಿಗೆ ಹೋಗುವುದು ಸ್ತ್ರಾದೆ ಬಿಯಾಂಕೆ ಎಂಬ, ಡಾಂಬರು ಕಾಣದ ಬಿಳಿ ಜಲ್ಲಿದಾರಿ. ಗಾಯೊಲೆ ಇನ್ ಕ್ಯಾಂಟಿ ಎಂಬ ಊರಿನಲ್ಲಿ 1997ರಲ್ಲಿ ಶುರುವಾದ ‘ಲೆರೋಯಿಕಾ’ ಎಂಬ ಹಳೆ ಸೈಕಲ್‌ಗಳ ಸವಾರಿಗೆ ಈ ದಾರಿಗಳನ್ನು ಹೀಗೇ ಉಳಿಸಿಕೊಳ್ಳುವುದೂ ಒಂದು ಉದ್ದೇಶವಾಗಿತ್ತು. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ ದ್ರಾಕ್ಷಿತೋಟಗಳ ನಡುವೆ ಹೊರಳುವ 222ನೇ ಪ್ರಾಂತೀಯ ಹೆದ್ದಾರಿ, 2004ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ವಾಲ್ ದೋರ್ಚಾ ಕಣಿವೆ, ಅಲ್ಲಿ ಮೊಂತಿಕ್ಯೆಲ್ಲೊ ಗ್ರಾಮಕ್ಕೆ ಅಂಕುಡೊಂಕಾಗಿ ಏರುವ ಸೈಪ್ರೆಸ್ ಸಾಲು, ಇವನ್ನು ನೋಡಲು ಸ್ವಂತ ಗಾಲಿ ಬೇಕೇ ಬೇಕು. ವಿಮೆಯಲ್ಲಿ ಸೇರದ ಕಾರಿನ ತಳಕ್ಕೆ ಜಲ್ಲಿ ಬಡಿಯುವುದೂ ಇಲ್ಲೇ. ಪ್ರಯೋಜನವೆಂದು ಆರಂಭದಲ್ಲಿ ಹೇಳಿದ ಫೋಟೊ ಸಿಗುವುದು ರಕ್ಷಣೆ ಮುಗಿದ ಜಾಗದಲ್ಲಿ.

ದ್ರಾಕ್ಷಾರಸದ ಸೀಮೆಯಲ್ಲಿ ಚಾಲಕನ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮೀರಿ ಮದ್ಯವಿರಬಾರದು. ಲೈಸೆನ್ಸ್ ಪಡೆದು ಮೂರು ವರ್ಷವಾಗದವರಿಗೆ ಸೊನ್ನೆ. ಸಣ್ಣ ಊರುಗಳ ಪೆಟ್ರೋಲ್ ಬಂಕಿನವರು ಮಧ್ಯಾಹ್ನ ಊಟಕ್ಕೆ ಹೋಗುತ್ತಾರೆ, ಭಾನುವಾರ ಕಾಣುವುದಿಲ್ಲ. ಆಗ ಯಂತ್ರಕ್ಕೆ ನೋಟು ತಿನ್ನಿಸಬೇಕು, ಅದು ಚಿಲ್ಲರೆ ಕೊಡುವುದಿಲ್ಲ. ಡೀಸೆಲ್‌ಗೆ ಅಲ್ಲಿ ಗಜೋಲಿಯೊ ಎಂದು ಹೆಸರು. ತಪ್ಪು ಇಂಧನ ಹಾಕಿದರೆ ವಿಮೆಯವರು ತಿರುಗಿಯೂ ನೋಡರು.

ಈಗ ಮುಖ್ಯ ಸಿದ್ಧಾಂತದ ಪರೀಕ್ಷೆ. ಇಟಲಿಯ ಹಳೆಯ ಊರುಗಳ ನಡುಭಾಗಕ್ಕೆ ಜ಼ೆಡ್‌ಟಿಎಲ್ ಎಂಬ ಮಡಿ ಉಂಟು. ಅಲ್ಲಿಯ ನಿವಾಸಿಗಳು ಮತ್ತು ಅನುಮತಿ ಪಡೆದವರ ಹೊರತು ಬೇರೆ ವಾಹನ ಪ್ರವೇಶಿಸುವಂತಿಲ್ಲ. ಸಿಯೆನಾ 1960ರ ದಶಕದಲ್ಲೇ ತನ್ನ ನಡುಭಾಗಕ್ಕೆ ಕಾರು ಬಾರದಂತೆ ಮಾಡಿತು. ದ್ವಾರದಲ್ಲಿ ಗೇಟಿಲ್ಲ, ಪೊಲೀಸಿಲ್ಲ, ಕೆಂಪು ಉಂಗುರದ ಬಿಳಿ ಫಲಕ ಮತ್ತು ಒಂದು ಕ್ಯಾಮೆರಾ ಅಷ್ಟೆ. ‘ವಾರ್ಕೊ ಅತ್ತೀವೊ’ ಎಂದು ದೀಪದಲ್ಲಿ ಬಂದರೆ ನಿರ್ಬಂಧ ಜಾರಿಯಲ್ಲಿದೆ ಎಂದರ್ಥ; ಬಾಗಿಲು ತೆರೆದಿದೆ ಎಂದು ನುಗ್ಗುವವರೇ ಜಾಸ್ತಿ. ಒಳಗೆ ಹೋದವನನ್ನು ಯಾರೂ ತಡೆಯುವುದಿಲ್ಲ, ಗದರುವುದಿಲ್ಲ. ಅವನು ಐಸ್‌ಕ್ರೀಂ ತಿಂದು ಊರಿಗೆ ಮರಳುತ್ತಾನೆ.

ಯಜ್ಞ ಇಂದೇ ಮುಗಿಯುತ್ತದೆ, ಸ್ವರ್ಗ ಸಿಗುವುದು ಸತ್ತ ಮೇಲೆ. ನಡುವಿನ ಕಾಲದಲ್ಲಿ ಫಲವನ್ನು ಹೊತ್ತು ಕಾಯುವ ಕಾಣದ ಶಕ್ತಿಗೆ ಮೀಮಾಂಸಕರು ‘ಅಪೂರ್ವ’ ಎಂದರು. ಅಪೂರ್ವವನ್ನು ಯಾರೂ ಕಂಡಿಲ್ಲವೆಂಬ ಆಕ್ಷೇಪಕ್ಕೆ ಇಟಲಿಯ ಪುರಸಭೆಗಳು ಉತ್ತರ ಕೊಟ್ಟಿವೆ. ಕ್ಯಾಮೆರಾದ ಚಿತ್ರ ನಗರ ಪೊಲೀಸರಿಗೆ, ಅವರ ಪ್ರಶ್ನೆ ಬಾಡಿಗೆ ಕಂಪನಿಗೆ, ಕಂಪನಿಯಿಂದ ಚಾಲಕನ ಹೆಸರು ವಿಳಾಸ ಪೊಲೀಸರಿಗೆ. ಆ ಮಾಹಿತಿ ಕೊಟ್ಟ ಶ್ರಮಕ್ಕೆ ಕಂಪನಿ ಕಾರ್ಡಿನಿಂದ ಒಂದು ಶುಲ್ಕ ಮುರಿದುಕೊಳ್ಳುತ್ತದೆ. ಅದು ದಂಡವಲ್ಲ, ದಕ್ಷಿಣೆ. ದಂಡದ ನೋಟಿಸನ್ನು ವಿದೇಶದಲ್ಲಿರುವವರಿಗೆ ಕಳಿಸಲು ಇಟಲಿಯ ರಸ್ತೆ ಸಂಹಿತೆ 360 ದಿನಗಳ ಅವಕಾಶ ಕೊಟ್ಟಿದೆ. ಕರ್ಮಫಲಕ್ಕೆ ವಾಯಿದೆ ಗೊತ್ತುಪಡಿಸಿದ ದರ್ಶನ ಇದೊಂದೇ ಇರಬೇಕು.

ಪರಿಹಾರ ಸಿಸಿಯಾರಿಗಳು ಮಾಡುತ್ತಿದ್ದುದೇ: ಗಾಡಿ ಬಾಗಿಲಾಚೆ. ಸಾನ್ ಜಿಮಿನ್ಯಾನೊದಲ್ಲಿ ಪಾರ್ಕಿಂಗ್ ಜಾಗಗಳು ಕೋಟೆಯ ಹೊರಗಿವೆ. ಪೆರೂಜಾದಲ್ಲಿ ಬೆಟ್ಟದ ಬುಡದಲ್ಲಿ ಕಾರು ಬಿಟ್ಟರೆ, 1983ರಲ್ಲಿ ಹಾಕಿದ ಚಲಿಸುವ ಮೆಟ್ಟಿಲುಗಳು ರೊಕ್ಕಾ ಪಾವೊಲಿನಾ ಎಂಬ ಹಳೆ ಕೋಟೆಯ ಹೊಟ್ಟೆಯೊಳಗಿಂದ ನೇರ ಊರ ನಡುವಿಗೆ ಏರಿಸುತ್ತವೆ; ಯಾವ ಕಾರಿನ ಕಿಟಕಿಯಿಂದಲೂ ಇಂಥ ಪ್ರವೇಶ ಸಿಗದು. ಬಿಳಿ ಗೆರೆಯೊಳಗೆ ನಿಲ್ಲಿಸಿದರೆ ಪುಕ್ಕಟೆ, ನೀಲಿಗೆ ಕಾಸು, ಹಳದಿ ನಮಗಲ್ಲ. ತಂಗುವ ಹೋಟೆಲೇ ನಿರ್ಬಂಧಿತ ವಲಯದೊಳಗಿದ್ದರೆ ಕಾರಿನ ನಂಬರನ್ನು ಮುಂಚಿತವಾಗಿ ಅವರಿಗೆ ಕೊಟ್ಟು ಪೊಲೀಸರಲ್ಲಿ ನೋಂದಾಯಿಸಲು ಹೇಳಬೇಕು.

ಇಷ್ಟಾಗಿಯೂ ತಿಂಗಳುಗಳ ನಂತರ ಇಟಲಿಯಿಂದ ರಿಜಿಸ್ಟರ್ಡ್ ಲಕೋಟೆ ಬಂದರೆ, ಯಾರದೋ ಮದುವೆ ಕರೆಯೋಲೆ ಎಂಬಂತೆ ದೇವರ ಮುಂದೆ ಇಡಬೇಡಿ, ಅಂದೇ ಒಡೆಯಿರಿ. ಕೈಸೇರಿದ 5 ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇ 30ರಷ್ಟು ರಿಯಾಯಿತಿ ಇದೆ. 60 ದಿನ ದಾಟಿದರೆ ಮೊತ್ತ ಏರುತ್ತದೆ.