ರಾಯರ ಎಸ್ಸೆಸ್ಸೆಲ್ಸಿ

ಹೋದ ವರ್ಷ ನಮ್ಮ ಪಕ್ಕದ ಮನೆ ರಾಯರು ಎಸ್ಸೆಸ್ಸೆಲ್ಸಿ. ಹಾಲ್ ಟಿಕೆಟ್ಟಿನಲ್ಲಿ ಮಗಳ ಫೋಟೊ ಇತ್ತು, ಅಷ್ಟೇ.

ಜೂನ್ ತಿಂಗಳಲ್ಲೇ ನಾಲ್ಕು ಬಣ್ಣದ ಸ್ಕೆಚ್ ಪೆನ್ನು ತಂದು ರಾಯರು ಟೈಮ್‌ಟೇಬಲ್ ಬರೆದರು. 4.30ಕ್ಕೆ ಏಳುವುದು ಕೆಂಪು, ಗಣಿತ ನೀಲಿ, ವಿಜ್ಞಾನ ಹಸಿರು, ಉಳಿದದ್ದೆಲ್ಲ ಕಪ್ಪು. ನಿದ್ದೆಯನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿದ್ದರು, ಬೇಕಾದಾಗ ಅಳಿಸಬಹುದಲ್ಲ. ಫೆಬ್ರವರಿ ಹೊತ್ತಿಗೆ ಆ ಜಾಗದಲ್ಲಿ ಕಾಗದ ತೂತು ಬಿದ್ದಿತ್ತು.

ಮನೆಯಲ್ಲಿ ಸದ್ದು ನಿಷೇಧವಾಯಿತು. ಕುಕ್ಕರ್ ವಿಷಲ್ ಹಾಕುವಂತಿಲ್ಲ ಎಂದು ಅವರ ಹೆಂಡತಿ ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದರು. ಬೀದಿಯಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ ರಾಯರು 'ಮಗು ಓದ್ತಿದೆ, ಗಲಾಟೆ ಮಾಡಬೇಡ್ರೋ!' ಎಂದು ಕೂಗಿದ್ದು ಮೂರು ಬೀದಿಯಾಚೆ ಹಾಲಿನ ಬೂತಿಗೂ ಕೇಳುತ್ತಿತ್ತು. ಟಿವಿಗೆ ರೀಚಾರ್ಜ್ ನಿಲ್ಲಿಸಿದರು. ಆದರೆ ಮಾರ್ಚಿನಲ್ಲಿ ಪರೀಕ್ಷೆಯ ಜೊತೆಗೇ ಐಪಿಎಲ್ ಬರುವುದು ಯಾವ ಜನ್ಮದ ಪಾಪವೋ! ಆರ್‌ಸಿಬಿ ಮ್ಯಾಚಿನ ದಿನ ರಾಯರು ಮೊಬೈಲ್ ಹಿಡಿದು ಬಚ್ಚಲುಮನೆ ಸೇರಿದರೆ ಮುಕ್ಕಾಲು ಗಂಟೆ. ಪುಟ್ಟಿ ಬಾಗಿಲು ತಟ್ಟಿ ಮೆಲ್ಲಗೆ, 'ಅಪ್ಪಾ, ಇನ್ನೆಷ್ಟು ರನ್ ಬೇಕು?' ಅನ್ನುವಳು. ಒಳಗಿನಿಂದ ನಲ್ಲಿ ಬಿಟ್ಟ ಸದ್ದು.

ನೆನೆಸಿದ ಬಾದಾಮಿ, ಒಂದೆಲಗದ ಚಟ್ನಿ ನಿತ್ಯದ್ದಾಯಿತು. ಅದರ ಜೊತೆ ಪ್ರಶ್ನೆಯೂ. ಪುಟ್ಟಿ ತುತ್ತು ಬಾಯಿಗಿಟ್ಟ ಕೂಡಲೇ, 'ಥೇಲ್ಸನ ಪ್ರಮೇಯ ನಿರೂಪಿಸು ನೋಡೋಣ.' ನುಂಗಿ ಹೇಳುವಷ್ಟರಲ್ಲಿ, '625ಕ್ಕೆ 625 ತಗೊಂಡವರೂ ಅನ್ನ ತಿನ್ನೋ ಮನುಷ್ಯರೇ ಅಲ್ವೇನೇ?' ಅವರು ತಿನ್ನುವಾಗ ಯಾರೂ ಪ್ರಮೇಯ ಕೇಳಿರಲಿಕ್ಕಿಲ್ಲ ಎಂದು ನನ್ನ ಊಹೆ.

2024ರಲ್ಲಿ ಶುರುವಾದ ಪದ್ಧತಿಯಂತೆ ಆಗ ವರ್ಷಕ್ಕೆ ಮೂರು ಪರೀಕ್ಷೆ ಇತ್ತು. ಒಂದರಲ್ಲಿ ಕಡಿಮೆಯಾದರೆ ಮುಂದಿನದರಲ್ಲಿ ಬರೆದು ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬಹುದಿತ್ತು. ಧೈರ್ಯವಾಗಲಿ ಅಂತ ನಾನೇ ಹೇಳಿದೆ. ರಾಯರು ಬೆವರು ಒರೆಸಿಕೊಂಡು, 'ಮೂರು ಸಲಾನಾ?' ಅಂದರು.

ಆ ಮನೆಯಲ್ಲಿ ಪುಟ್ಟಿಯನ್ನು ಏನೂ ಕೇಳದವರು ಅಜ್ಜಿ ಒಬ್ಬರೇ. ಮಧ್ಯಾಹ್ನ ಹಿತ್ತಿಲ ಜಗಲಿಯಲ್ಲಿ ಮೊರ ಇಟ್ಟುಕೊಂಡು, ವರ್ಷಕ್ಕಾಗುವಷ್ಟು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿರುತ್ತಿದ್ದರು. ಪುಟ್ಟಿ ಪುಸ್ತಕ ತಂದು ಪಕ್ಕದಲ್ಲಿ ಕೂತು ಪಾಠವನ್ನು ಅಜ್ಜಿಗೆ ಒಪ್ಪಿಸುವಳು. ಅಜ್ಜಿಗೆ ಅರ್ಥವಾಗದಿದ್ದರೆ 'ಹಂಗಂದ್ರೆ?' ಅನ್ನುವರು, ಅವಳು ಇನ್ನೊಂದು ಸಲ, ಬಿಡಿಸಿ ಹೇಳುವಳು.

'ಇದರಲ್ಲಿ ಟಾರ್ಟಾರಿಕ್ ಆಮ್ಲ ಇರುತ್ತಜ್ಜಿ.'

'ಯಾವುದರಲ್ಲೇ?'

'ನಿಮ್ಮ ಕೈಲಿರೋ ಹುಣಸೇಲಿ. ಮೊಸರಲ್ಲಿ ಲ್ಯಾಕ್ಟಿಕ್.'

ಅಜ್ಜಿ ಬೆರಳಿಗೆ ಅಂಟಿದ್ದ ನಾರು ನೋಡಿಕೊಂಡು, 'ಅದಕ್ಕೇ ಹಿತ್ತಾಳೆ ಚೊಂಬು ಹೊಳೆಯೋದು ಅನ್ನು' ಅಂದರು. ಪುಟ್ಟಿ ಒಂದು ಕ್ಷಣ ಸುಮ್ಮನಿದ್ದು, ಪೆನ್ನು ತೆಗೆದು ಪುಸ್ತಕದ ಅಂಚಿನಲ್ಲಿ 'ಚೊಂಬು' ಎಂದು ಬರೆದುಕೊಂಡಳು. ರಾಯರು ಕಿಟಕಿಯಿಂದ ಬಗ್ಗಿ, 'ಅಮ್ಮಾ, ಅವಳ ಟೈಮ್ ವೇಸ್ಟ್ ಮಾಡಬೇಡ' ಅಂದರು.

ವಿಜ್ಞಾನದ ದಿನ ರಾಯರು ಹಾಲ್ ಟಿಕೆಟ್ಟಿನ ಆರು ಜೆರಾಕ್ಸ್, ಮಠದಲ್ಲಿ ಪೂಜೆ ಮಾಡಿಸಿದ ಮೂರು ಪೆನ್ನು, ಎರಡು ನೀರಿನ ಬಾಟಲಿ ಹೊತ್ತು ಒಂದೂವರೆ ಗಂಟೆ ಮೊದಲೇ ಹೋಗಿ ಪರೀಕ್ಷಾ ಕೇಂದ್ರದೆದುರು ನಿಂತರು. ಪ್ರಶ್ನೆಪತ್ರಿಕೆ ಓದಲು ಮೊದಲ 15 ನಿಮಿಷ ಕೊಡುತ್ತಾರಲ್ಲ, ಆ ಹೊತ್ತು ರಾಯರು ಗೇಟಿನ ಹೊರಗೆ ಕಣ್ಣುಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಸ್ತೋತ್ರವೋ ಓಮನ ನಿಯಮವೋ, ಪಕ್ಕದಲ್ಲಿದ್ದ ನನಗೆ ತಿಳಿಯಲಿಲ್ಲ.

ಬೆಲ್ಲಾಯಿತು. ಪುಟ್ಟಿ ಗೆಳತಿಯರ ಜೊತೆ ನಗುತ್ತಾ ಬಂದಳು. ರಾಯರು ಪ್ರಶ್ನೆಪತ್ರಿಕೆ ಕಿತ್ತುಕೊಂಡರು.

'ಅಪ್ಪಾ, ಹಸಿವು. ಮೊದಲು ಮನೆಗೆ ಹೋಗೋಣ, ಅಜ್ಜಿಗೆ ಹೇಳಬೇಕು. ಹುಣಸೆಹಣ್ಣು ಬಂದಿತ್ತು.'

ರಾಯರು ಪತ್ರಿಕೆಯಿಂದ ತಲೆಯೆತ್ತಲೇ ಇಲ್ಲ.

'ಎಷ್ಟು ಮಾರ್ಕಿಂದು?'