ಬಾನೆಟ್ ಕಾಕಾ

ಸಿಂಧನೂರಿನ ಯಾವ ಓಣಿಯಲ್ಲಾದರೂ ಕಾರಿನ ಬಾನೆಟ್ ಎತ್ತಿ ನೋಡಿ. ಕಡ್ಡಿ ಸಿಕ್ಕಿಸಿ ನಿಲ್ಲಿಸುವುದರೊಳಗೆ ಬಾನೆಟ್ ಕಾಕಾ ಹಾಜರು. ಒಂದು ಕೈಯಲ್ಲಿ ಧೋತರದ ಚುಂಗು, ಇನ್ನೊಂದರಲ್ಲಿ ಅರ್ಧ ಕುಡಿದ ಚಹಾ. ಯಾರೂ ಕರೆದಿರುವುದಿಲ್ಲ. ಗಾಡಿ ಯಾರದೆಂದು ಅವರೂ ಕೇಳುವುದಿಲ್ಲ. "ಒಂದೀಟು ರೇಸ್ ಕೊಡು" ಎಂದು ಕಣ್ಣು ಮುಚ್ಚುತ್ತಾರೆ. ಓಣಿಯ ಹುಡುಗರು ನೆರೆಯುವಷ್ಟು ಹೊತ್ತು ಮುಚ್ಚಿಯೇ ಇದ್ದು, ಆಮೇಲೆ ತೀರ್ಪು ಕೊಡುತ್ತಾರೆ: "ಏರ್ ಹಿಡದೈತಿ."

ತೀರ್ಪಿಗೆ ಕಾರಣವಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಭತ್ತದ ಸೀಮೆಯಾದ ಈ ತಾಲ್ಲೂಕಿನಲ್ಲಿ ಎಂಜಿನ್ ಎಂದರೆ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಎಂದರೆ ಡೀಸೆಲ್. ಟ್ಯಾಂಕಿನ ತಳ ಕಾಣುವ ತನಕ ಹೊಡೆದರೆ ಪೈಪಿಗೆ ಗಾಳಿ ಹೊಕ್ಕು ಎಂಜಿನ್ ಕೆಮ್ಮುತ್ತದೆ. ಪಂಪಿನ ನಟ್ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಯಬಿಟ್ಟರೆ ಸರಿಹೋಗುತ್ತದೆ. ಇದನ್ನು ಕಾಕಾ ತಮ್ಮ ಕಾಲದಲ್ಲಿ ನಡುರಾತ್ರಿ, ಕೆಸರುಗದ್ದೆಯಲ್ಲಿ ನಿಂತು, ಬ್ಯಾಟರಿ ಹಿಡಿಯಲೂ ಜನ ಇಲ್ಲದೆ ಮಾಡಿದವರು. ವಿದ್ಯೆ ಅಪ್ಪಟವೇ. ಆದರೆ ಎದುರಿಗೆ ನಡುಗುತ್ತ ನಿಂತದ್ದು ಪೆಟ್ರೋಲ್ ಗಾಡಿ. ಡೀಸೆಲ್ ಒತ್ತಡದ ಬಿಸಿಗೇ ಹೊತ್ತಿಕೊಳ್ಳುತ್ತದೆ, ಪೆಟ್ರೋಲಿಗೆ ಪ್ಲಗ್ಗಿನ ಕಿಡಿ ಬೇಕು ಎಂದು ಮಾಲೀಕ ವಿವರಿಸಹೋದರೆ ಉತ್ತರ ಒಂದೇ: "ಎಂಜಿನ್ ಅಂದ್ರ ಎಂಜಿನ್ನ, ತಮ್ಮಾ."

ಹಾಗಂತ ಅವರನ್ನು ತಳ್ಳಿಹಾಕುವಂತಿಲ್ಲ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ನಿಂತ ಮಾರುತಿ 800ರಂಥ ಗಾಡಿ ಸಿಕ್ಕರೆ ಕಾಕಾ ನಿಜಕ್ಕೂ ಅರಳುತ್ತಾರೆ. ಅದಕ್ಕೆ ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೆ, ಅಂದರೆ ಗ್ಯಾರೇಜಿನ ಮಾತಿನಲ್ಲಿ 'ಮಿಸ್ಸಿಂಗ್' ಹೊಡೆದರೆ, ಕನ್ನಡಿಯಿಂದ ಹಿಡಿದು ಡ್ಯಾಶ್‌ಬೋರ್ಡಿನ ದೇವರ ತನಕ ಎಲ್ಲವೂ ಅಲುಗಾಡುತ್ತವೆ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರ್ ಒಂದೊಂದಾಗಿ ಕೀಳಬೇಕು. ಕಿತ್ತಾಗ ಬೀಟ್ ಇನ್ನಷ್ಟು ಕೆಟ್ಟರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಕಿತ್ತರೂ ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅದೇ. ಕಾಕಾಗೆ ಇದು ಚೆನ್ನಾಗಿ ಗೊತ್ತು. ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ ಎಂಬುದೂ ಗೊತ್ತು. ಆದ್ದರಿಂದ ಅವರು ಎರಡು ಹೆಜ್ಜೆ ಹಿಂದೆ ಸರಿದು ಮಾಲೀಕನಿಗೆ ಹೇಳುತ್ತಾರೆ: "ನೀ ತಗಿ." ಮಾಲೀಕ ಮುಟ್ಟಿ, ಚೀರಿ, ಜಿಗಿದು ಹಿಂದಕ್ಕೆ ಬಿದ್ದರೆ ಕಾಕಾ ಶಾಂತವಾಗಿ ದಾಖಲಿಸುತ್ತಾರೆ: "ಕರೆಂಟ್ ಬರಾಕತ್ತೈತಿ. ವೈರ್ ಚಲೋ ಐತಿ."

ಪ್ಲಗ್ ಬಿಚ್ಚಿದ ಮೇಲೆ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ತಿಳಿ ಕಂದು ಇದ್ದರೆ ಆರೋಗ್ಯ, ಬೆಳ್ಳಗಿದ್ದರೆ ಒಳಗೆ ಬಿಸಿ ಹೆಚ್ಚು, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಕೊನೆಯದಾದರೆ ಏರ್ ಫಿಲ್ಟರ್ ತೆಗೆಸಿ ಗೋಡೆಗೆ ಬಡಿಯುತ್ತಾರೆ. ಭತ್ತದ ಕಟಾವಿನ ಕಾಲದಲ್ಲಿ ಅದರಿಂದ ಉದುರುವ ಧೂಳು, ಹೊಟ್ಟು ನೋಡಿ ಹುಡುಗರೇ ಹಿಂದೆ ಸರಿಯುತ್ತಾರೆ. "ಇನ್ನೊಂದ್ ಸುಗ್ಗಿ ಬಿಟ್ಟಿದ್ರ ಇದರಾಗ ಒಂದ್ ಚೀಲ ಸೋನಾ ಮಸೂರಿ ಆಗ್ತಿತ್ತು!"

ಹೆದ್ದಾರಿ 150ಎ ಹಿಡಿದು ಹೊರಟರೆ ಊರೂರಿಗೆ ಒಬ್ಬ ಕಾಕಾ ಇದ್ದಾನೆ. ಲಿಂಗಸುಗೂರಿನವನಿಗೆ ಹಟ್ಟಿ ಚಿನ್ನದ ಗಣಿಯ ನೆರೆ. ಎಷ್ಟು ಆಳಕ್ಕೆ ಇಳಿದರೂ ಸಮಾಧಾನವಿಲ್ಲ. ಪೈಪ್ ಸಡಿಲವಾಗಿದ್ದರೂ ಅವನದು ಒಂದೇ ಮಾತು: "ಎಂಜಿನ್ ಇಳಿಸ್ರಿ." ಮಸ್ಕಿಯವನ ಬಳಿ ಪುರಾವೆ ಇದೆ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಗುಡ್ಡದಲ್ಲಿ ಕಂಡದ್ದು ಅಶೋಕನ ಹೆಸರೇ ಇದ್ದ ಶಾಸನ. ಹಾಗಾಗಿ ಮಿಸ್ಸಿಂಗ್ ಹುಡುಕಹೋಗಿ ನಿಮ್ಮ ಗಾಡಿಯ ಬ್ರೇಕ್ ಬಿಚ್ಚಿಟ್ಟರೂ ಅವನಿಗೆ ಅಳುಕಿಲ್ಲ.

ಈಗ ನಮ್ಮ ಸಿಂಧನೂರಿನ ಕಾಕಾನ ಎದುರಾಳಿ ಎಂದರೆ ಮೊಬೈಲ್ ಹಿಡಿದ ಅಳಿಯ. ಸ್ಟೇರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಸ್ಕ್ಯಾನರ್ ಸಿಕ್ಕಿಸಿ, ಪರದೆ ನೋಡಿ, "ಪಿ0302, ಎರಡನೇ ಸಿಲಿಂಡರ್ ಮಿಸ್ಸಿಂಗ್" ಎಂದು ಓದುತ್ತಾನೆ. "ನಾ ಹೇಳಿದ್ನೆಲ್ಲ" ಎನ್ನುತ್ತಾರೆ ಕಾಕಾ, ಹೇಳಿದ್ದು ಏರ್ ಎಂಬುದನ್ನು ಮರೆತು. ಆದರೆ ಕೋಡ್ ಯಾವ ಸಿಲಿಂಡರ್ ಎಂದು ಹೇಳುತ್ತದೆಯೇ ಹೊರತು ಯಾಕೆ ಎಂದಲ್ಲ. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ? ಅಳಿಯ ಮೂರನ್ನೂ ಆನ್‌ಲೈನಿನಲ್ಲಿ ತರಿಸಲು ಹೊರಟಾಗ ಕಾಕಾ ಬಗ್ಗಿ, ಮೂಗು ಏರಿಸಿ, ಬ್ಯಾಟರಿಯ ಹಿಂದೆ ಕೈ ಹಾಕಿ ಒಂದು ಹಿಡಿ ಒಣಹುಲ್ಲು ಎಳೆಯುತ್ತಾರೆ. "ಇಲಿ! ಗದ್ದಿ ಖಾಲಿ ಆತು, ಇಲ್ಲಿ ಬಂದು ಸಂಸಾರ ಹೂಡ್ಯಾವ." ಹುಲ್ಲಿನ ಕೆಳಗೆ ಕಾಯಿಲಿನ ವೈರ್ ಎರಡು ತುಂಡು.

ವೈರ್ ಜೋಡಿಸಿ ಟೇಪ್ ಸುತ್ತಿ ಸೆಲ್ಫ್ ಹೊಡೆದರೆ ಎಂಜಿನ್ ಗಪ್‌ಚಿಪ್ಪಾಗಿ ಓಡುತ್ತದೆ. ಎಲ್ಲರ ಮುಖ ಅರಳುತ್ತದೆ, ಕಾಕಾನ ಮುಖ ಬಾಡುತ್ತದೆ. ಸರಿಯಾಗಿ ಓಡುವ ಗಾಡಿಯ ಪಕ್ಕ ಅವರು ಯಾವ ನೆಪದಲ್ಲಿ ನಿಲ್ಲಬೇಕು?

"ಎ.ಸಿ. ಹಾಕು, ಗೊತ್ತಾಗತೈತಿ."

ಎ.ಸಿ. ಹಾಕಿದರೂ ಗಾಡಿ ನಡುಗುವುದಿಲ್ಲ.

"ಲೋಡ್ ಬೇಕು. ಮಂದಿ ಕುಂತ್ರ ಗೊತ್ತಾಗತೈತಿ." ಇಷ್ಟು ಹೇಳಿ ಮುಂದಿನ ಸೀಟಿನಲ್ಲಿ ತಾವೇ ಕುಳಿತು, ಮೊಮ್ಮಗನನ್ನೂ ಕಾಕಿಯನ್ನೂ ಕೂಗಿ ಹಿಂದೆ ಕೂರಿಸುತ್ತಾರೆ. "ಮಸ್ಕಿ ತನಾ ಹೊಡಿ, ನೋಡೇ ಬಿಡೂಣು. ಹೆಂಗೂ ಬೀಗರ ಮನ್ಯಾಗ ಇವತ್ತ ತೊಟ್ಟಿಲ ಕಾರ್ಯ ಐತಿ."